ಸೊನ್ನೆಗೆ ಬಾರದ ಮುಳ್ಳು

ವಿಮಾನದ ಮೀಟರುಗಳನ್ನು ರಿಪೇರಿ ಮಾಡುವ ಆ ವರ್ಕ್‌ಶಾಪಿನಲ್ಲಿ ಅವನನ್ನು ಎಲ್ಲರೂ ಮುಳ್ಳಣ್ಣ ಎನ್ನುತ್ತಿದ್ದರು. ಮೂವತ್ತೈದು ವರ್ಷ ಮುಳ್ಳುಗಳನ್ನು ಸೊನ್ನೆಗೆ ತಂದು ನಿಲ್ಲಿಸಿದವನಿಗೆ ಬೇರೆ ಹೆಸರು ಹೇಗೆ ತಾನೇ ಅಂಟೀತು? ಆದರೆ ಅವನ ಮೇಜಿನ ಮೇಲೇ ಒಂದು ಮೀಟರು ಕೆಟ್ಟು ಕೂತಿತ್ತು. ವಿಮಾನ ನಿಮಿಷಕ್ಕೆ ಎಷ್ಟು ಅಡಿ ಏರುತ್ತಿದೆ, ಎಷ್ಟು ಇಳಿಯುತ್ತಿದೆ ಎಂದು ತೋರಿಸುವ ಮೀಟರು. ಅದು ಕೂತಲ್ಲೇ ಕೂತು, ಇನ್ನೂರು ಅಡಿ ಇಳಿಯುತ್ತಿದ್ದೇನೆ ಎಂದು ಹಠ ಹಿಡಿದಿತ್ತು.

“ಅಣ್ಣಾ, ನಿಮ್ಮ ಮೇಜು ಇಪ್ಪತ್ತು ವರ್ಷದಿಂದ ಇಳೀತಾನೇ ಇದೆ. ಇಷ್ಟೊತ್ತಿಗೆ ಭೂಮಿ ತೂತು ಮಾಡ್ಕೊಂಡು ಆಚೆ ಹೋಗಿರ್ಬೇಕಿತ್ತು,” ಎಂದು ಪಕ್ಕದ ಮೇಜಿನವಳು ಕಾಲೆಳೆಯುತ್ತಿದ್ದಳು. ಅವನು ನಕ್ಕು ಮುಂದಿನ ಮೀಟರು ಬಿಚ್ಚುತ್ತಿದ್ದ.

ಅದನ್ನು ಕೆಡಿಸಿದವಳು ಅವನ ಮಗಳು. ಆಗ ಒಂಬತ್ತು ವರ್ಷದವಳು, ಶಾಲೆಗೆ ರಜೆಯೆಂದು ಅಪ್ಪನ ಜೊತೆ ಬಂದಿದ್ದಳು. ಅವನೇ ಬಿಚ್ಚಿ ತೋರಿಸಿದ್ದ. “ನೋಡು ಪುಟ್ಟಿ, ಈ ತೆಳು ತಗಡಿನ ಡಬ್ಬಿಯೊಳಗೆ ಹೊರಗಿನ ಗಾಳಿ ತಕ್ಷಣ ಬರತ್ತೆ. ಡಬ್ಬಿ ಸುತ್ತಲಿನ ಜಾಗಕ್ಕೆ ಕೂದಲೆಳೆಯಷ್ಟು ತೂತಿಂದ ನಿಧಾನವಾಗಿ ಬರತ್ತೆ. ವಿಮಾನ ಇಳಿದ್ರೆ ಗಾಳಿ ಒತ್ತಡ ಜಾಸ್ತಿ. ಡಬ್ಬಿ ಉಬ್ಬತ್ತೆ, ಮುಳ್ಳು ಕೆಳಗೆ ಹೋಗತ್ತೆ. ಇಳಿಯೋದು ನಿಂತ್ರೆ ಎರಡೂ ಕಡೆ ಸಮ ಆಗಿ ಸೊನ್ನೆಗೆ ಬರತ್ತೆ.”

ಅವನು ಆಚೆ ತಿರುಗಿದ್ದೇ ತಡ, ಅವಳು ಡಬ್ಬಿಗೆ ಗಾಳಿ ಹೋಗುವ ನಳಿಗೆಗೆ ಬಾಯಿಟ್ಟು ಕೆನ್ನೆಯುಬ್ಬಿಸಿ ಊದಿದಳು. “ಅಪ್ಪಾ, ಇಳೀತಾ ಇದೀವಿ!” ಆ ಡಬ್ಬಿ ಅಷ್ಟು ಜೋರು ಉಸಿರನ್ನು ತಡೆಯುವಂಥದ್ದಲ್ಲ. ಉಬ್ಬಿದ್ದು ಪೂರ್ತಿ ತಗ್ಗಲೇ ಇಲ್ಲ. ಅವನು ಸಿಟ್ಟಿನ ಭರದಲ್ಲಿ ಅದೇ ಕೆನ್ನೆಗೆ ಬಾರಿಸಿದ. ಮೂರು ವಾರಕ್ಕೆ ಜ್ವರ ಬಂದು ಅವಳು ಹೋದಳು.

ಅವಳ ಉಸಿರು ಅಂತ ಅವನ ಹತ್ತಿರ ಉಳಿದದ್ದು ಆ ಉಬ್ಬು ಒಂದೇ. ಪಕ್ಕದ ಮೇಜಿನವಳು ಕೆಲಸಕ್ಕೆ ಸೇರಿದ್ದು ಎಷ್ಟೋ ವರ್ಷದ ಮೇಲೆ. ಅವಳಿಗೆ ಅವನು ಹೇಳಿರಲಿಲ್ಲ.

ಒಂದು ವಾರದ ರಜೆ ಮುಗಿಸಿ ಬಂದ ದಿನವೇ ಅವನ ನಿವೃತ್ತಿ. ಪಕ್ಕದ ಮೇಜಿನವಳು ಬಣ್ಣದ ಕಾಗದದ ಪೊಟ್ಟಣ ಕೈಗಿಟ್ಟಳು. ಬಿಚ್ಚಿದರೆ ಅದೇ ಮೀಟರು. ಮುಳ್ಳು ಸರಿಯಾಗಿ ಸೊನ್ನೆಯಲ್ಲಿತ್ತು.

“ಮೂರು ದಿನ ಕೂತು ಹೊಸ ಡಬ್ಬಿ ಹಾಕ್ದೆ ಅಣ್ಣಾ. ಮುಳ್ಳಣ್ಣ ಕೆಟ್ಟ ಮೀಟರ್ ಬಿಟ್ಟು ಹೋದ್ರು ಅಂತ ಯಾರೂ ಅನ್ಬಾರ್ದಲ್ಲ!”

“ಹಳೇ ಡಬ್ಬಿ?”

“ಗುಜರಿಗೆ ಹಾಕ್ದೆ. ನಿನ್ನೆ ತಗೊಂಡು ಹೋದ್ರು.”

ಅವನು ಮೀಟರಿನ ಗಾಜನ್ನು ಹೆಬ್ಬೆರಳಿಂದ ಒರೆಸಿದ. “ಚೆನ್ನಾಗಿ ಮಾಡಿದೀಯಮ್ಮಾ,” ಎಂದ. ಅವಳ ಮುಖ ಅರಳಿತು. ಅವಳ ತಪ್ಪಾದರೂ ಏನು?

ಎಲ್ಲರೂ ಊಟಕ್ಕೆ ಹೋದಾಗ ಅವನು ನಳಿಗೆಗೆ ಬಾಯಿಟ್ಟು, ಜೀವಮಾನದಲ್ಲಿ ಮೊದಲ ಸಲ, ಮೆಲ್ಲಗೆ ಊದಿದ. ಮುಳ್ಳು ಇನ್ನೂರಕ್ಕೆ ಇಳಿಯಿತು. ಉಸಿರು ಬಿಗಿಹಿಡಿದು ಕಾದ. ಒಳ್ಳೆಯ ಮೀಟರು ಅದು, ನಿಧಾನವಾಗಿ ಸೊನ್ನೆಗೆ ಬಂತು.

ಜೋರಾಗಿ ಊದಿ ಕೆಡಿಸಬಹುದಿತ್ತು. ಕೆಟ್ಟರೂ ಅದು ಅವನ ಉಸಿರು, ಮಗಳದಲ್ಲ. ಮೇಜಿಗೆ ತಲೆ ಆನಿಸಿ ಮುಳ್ಳಣ್ಣ ಗಳಗಳನೆ ಅತ್ತ.