ಹನುಮಂತಮ್ಮನ ಮನೆಯ ಮೊದಲ ಮೀನು

ಹೊಳೆಯಲ್ಲಿ ಹೋದವನ ಹೆಣ ಸಿಗದಿದ್ದರೆ, ಮಳೆಗಾಲ ಮುಗಿದ ಮೇಲಿನ ಮೊದಲ ಮೀನನ್ನು ಅವನ ಮನೆಯವರೇ ಉಣ್ಣಬೇಕು. ಅಲ್ಲಿಯವರೆಗೆ ಕೇರಿಯಲ್ಲಿ ಯಾರೂ ಬಲೆ ಬಿಡುವಂತಿಲ್ಲ. ಉಂಡರೆ, ಅವನು ಸತ್ತನೆಂದು ಮನೆಯವರೇ ಒಪ್ಪಿದಂತೆ. ಆನೆಗೊಂದಿಯ ಆಚೆ, ಬಂಡೆಗಳ ನಡುವಿನ ಆ ಕೇರಿಗೆ ಈ ಕಟ್ಟಳೆ ಯಾರು ಹಾಕಿದರೋ, ಅವರ ಮನೆಯಲ್ಲಂತೂ ಯಾರೂ ಮುಳುಗಿರಲಿಕ್ಕಿಲ್ಲ.

ಹನುಮಂತಮ್ಮ ಒಪ್ಪಿರಲಿಲ್ಲ. ಡ್ಯಾಮಿನಿಂದ ನೀರು ಬಿಟ್ಟ ದಿನ ಅವಳ ಗಂಡ ದುರುಗೇಶ, ಕೊಚ್ಚಿ ಹೋಗುತ್ತಿದ್ದ ಹರಿಗೋಲು ಹಿಡಿಯಲು ಹೊಳೆಗಿಳಿದಿದ್ದ. ಹರಿಗೋಲು ಬುಡಮೇಲಾಗಿ ಬಂಡೆಗೆ ಸಿಕ್ಕಿತು, ಅವನು ಸಿಗಲಿಲ್ಲ. ಈಗ ನೀರು ಇಳಿದು ತಿಳಿಯಾಗಿದೆ. ಪ್ರವಾಸಿಗರು ಬಂದು ಫೋಟೊ ತೆಗೆದುಕೊಂಡು, ಎಷ್ಟು ಚೆಂದ ಎನ್ನುತ್ತಾರೆ. ಚೆಂದವೇ, ಇಲ್ಲವೆಂದವರು ಯಾರು? ಆದರೆ ಮುಸ್ಸಂಜೆಗೆ ಅದೇ ಹೊಳೆಯಿಂದ ಅವಳಿಗೊಂದು ಸದ್ದು ಕೇಳುತ್ತಿತ್ತು. ಮೀನನ್ನು ಬಲೆಗೆ ಅಟ್ಟಲು ದುರುಗೇಶ ಹರಿಗೋಲಿನ ಹುಟ್ಟಿನಿಂದ ನೀರು ಬಡಿಯುತ್ತಿದ್ದ ಸದ್ದು. ಮೊದಮೊದಲು ಕಿವಿಗೆ ಸೆರಗು ಒತ್ತಿಕೊಂಡು ಮೂಲೆ ಸೇರುತ್ತಿದ್ದಳು. ಬರಬರುತ್ತ ಕದ ತೆರೆದಿಟ್ಟು ಕೂರತೊಡಗಿದಳು. ಭಯವಾಗುತ್ತಿತ್ತು, ಆದರೂ ಅದು ಬೇಕಾಗಿತ್ತು. ಯಾರಿಗೂ ಹೇಳಲಿಲ್ಲ, ಊರ ಬಾಯಿಗೆ ಮುಚ್ಚಳವೆಲ್ಲಿದೆ?

ಒಂದು ಬೆಳಿಗ್ಗೆ ಕೇರಿಯ ಹಿರಿಯ ಗೋಣೆಪ್ಪ, ಅವಳಿಗೆಂದೇ ಗಾಳ ಹಾಕಿ ಹಿಡಿದ ಮೀನು ತಂದ.

"ಜುಲುಮಿ ಮಾಡಂಗಿಲ್ಲ, ಯವ್ವಾ. ಆದ್ರ ಉಳದ ಕೇರಿಯವ್ರೆಲ್ಲಾ ಗಂಗಾವತಿ ಸಂತಿಗೆ ಮೀನ ಒಯ್ಯಾಕತ್ತಾರ. ನಮ್ಮಲ್ಲಿ ಒಲಿ ಹತ್ತವಲ್ದು."

"ಅವ್ರು ಬರ್ತಾರ, ಕಾಕಾ."

"ಬರಾಂವ ಆಗಿದ್ರ ಇಷ್ಟೊತ್ತಿಗೆ ಬರ್ತಿದ್ದ."

ಅವನ ಹಿಂದೆ ಪಕ್ಕದ ಮನೆಯ ಮುದುಕವ್ವ ನಿಂತಿದ್ದಳು. ಹನುಮಂತಮ್ಮ ಉಪವಾಸ ಬಿದ್ದ ದಿನಗಳಲ್ಲಿ ತನ್ನ ಪಾಲಿನ ರೊಟ್ಟಿ ಮುರಿದು ಕೊಟ್ಟವಳು. ಆಕೆಯ ಕಣ್ಣು ಮೀನಿನ ಮೇಲಿತ್ತು.

ಅನ್ನದ ಋಣ ದೊಡ್ಡದು. ಹನುಮಂತಮ್ಮ ಹುಣಸೆಹುಳಿ ಹಿಂಡಿ ಸಾರು ಕಾಯಿಸಿದಳು. ಇಡೀ ಕೇರಿ ಅಂಗಳದಲ್ಲಿ ನಿಂತು ನೋಡುತ್ತಿತ್ತು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದಳು. ಎರಡನೆಯದು ತಾನೇ ಇಳಿಯಿತು. ಮೀನು ರುಚಿಯಾಗಿತ್ತು. ಅದಕ್ಕೇ ಅವಳಿಗೆ ದುಃಖಕ್ಕಿಂತ ನಾಚಿಕೆ ಹೆಚ್ಚಾಯಿತು.

ಮಧ್ಯಾಹ್ನವೇ ಹರಿಗೋಲುಗಳು ಹೊಳೆಗಿಳಿದವು. ಸಂಜೆಗೆ ಎಲ್ಲರೂ ಸಿಕ್ಕ ಮೀನು ಹಿಡಿದು ಮನೆ ಸೇರಿದರು. ಮುದುಕವ್ವನ ಮನೆಯಿಂದ ಬಹಳ ದಿನಗಳ ಮೇಲೆ ಒಗ್ಗರಣೆಯ ವಾಸನೆ ಬಂತು.

ಹನುಮಂತಮ್ಮ ಕದ ತೆರೆದು ಕುಳಿತಳು. ಹೊತ್ತು ಮುಳುಗಿತು. ಸದ್ದು ಬರಲಿಲ್ಲ. ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ನೀರು ಹರಿಯುವುದಷ್ಟೇ ಕೇಳಿತು. ದಂಡೆಗೆ ಓಡಿ, ಮೊಣಕಾಲುದ್ದ ನೀರಿಗಿಳಿದು, ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದಳು.

"ನಾ ಉಂಡಿಲ್ರೀ!" ಎಂದು ಕೂಗಿದಳು. "ಕೇರಿಯವ್ರು ಸುಳ್ಳ ಹೇಳ್ಯಾರ, ನಾ ಬಾಯಾಗ ಇಟ್ಟಿಲ್ರೀ! ಒಂದ ಸಲ ನೀರ ಬಡೀರಿ... ನಾ ಅಂಜಂಗಿಲ್ಲ."