ಸಾಸಿವೆ ಪಾತಿ

“ಈ ಸಾಸಿವೆ ಗಿಡನ ನೀವೂ ತಿನ್ನಬಾರದು, ದನಕ್ಕೂ ಹಾಕಬಾರದು,” ಎಂದು ಅವನು ಮೂರನೆಯ ಸಲ ಹೇಳುವಾಗ ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ. ತರಕಾರಿ ಬೆಳೆಯುವವರಿಗೆ ಮಣ್ಣಿನ ವಿಷದ ಬಗ್ಗೆ ಪಾಠ ಹೇಳುವುದು ಅವನ ಕೆಲಸ. ಸುಣ್ಣ ಹಾಕಿ, ಕೊಳೆತ ಗೊಬ್ಬರ ಹಾಕಿ, ಸೊಪ್ಪು ಬಿಟ್ಟು ಕಾಯಿ ಬೆಳೆಯಿರಿ. ಸಾಸಿವೆ ಬಿತ್ತಿದರೆ ಅದು ಮಣ್ಣಿನ ಸೀಸವನ್ನು ಅಷ್ಟಿಷ್ಟು ಹೀರುತ್ತದೆ, ಆಮೇಲೆ ಬೇರುಸಮೇತ ಕಿತ್ತು ದೂರ ಸಾಗಿಸಿ.

“ಹೀರಿದ ಮೇಲೆ ಗಿಡ ಒಣಗಲ್ವಾ ಸಾರ್?”

“ಇಲ್ಲ. ಹಸಿರಾಗೇ ಇರುತ್ತೆ. ನೋಡಿದ್ರೆ ಏನೂ ಗೊತ್ತಾಗಲ್ಲ.”

ಊರಿಗೆಲ್ಲ ಬುದ್ಧಿ ಹೇಳುವವನು ಸ್ವಂತ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವನ ಹಿತ್ತಲಲ್ಲಿ ಹಿಂದೆ ಯಾರೋ ಹಳೆಯ ಬ್ಯಾಟರಿ ಕರಗಿಸುತ್ತಿದ್ದರಂತೆ. ಅನುಮಾನ ಬಂದು ಒಂದು ಹಿಡಿ ಮಣ್ಣು ಒಯ್ದು ಪರೀಕ್ಷಿಸಿದ. ಸೀಸ ಬೇಕಾದಷ್ಟಿತ್ತು. ಆದರೆ ಅತ್ತೆ ತೀರಿಕೊಂಡ ಮೇಲೆ ಮಗಳ ಮನೆ ಸೇರಿ ಗೋಡೆ ನೋಡುತ್ತ ಕೂತಿದ್ದ ಮಾವ, ಆ ಹಿತ್ತಲಿಗೆ ಇಳಿದ ಮೇಲೇ ನಾಲ್ಕು ಮಾತಾಡತೊಡಗಿದ್ದರು. ಅವರಿಗೆ ಹೇಳುವುದು ಹೇಗೆ? ಹೇಳದೆಯೇ, ತಿಂಗಳ ಹಿಂದೆ ಒಂದು ಭಾನುವಾರ ಪ್ಯಾಂಟು ಮಡಚಿ, ಅವರ ಸೊಪ್ಪಿನ ಪಾತಿ ಅಗೆದು ಸಾಸಿವೆ ಬಿತ್ತಿದ. “ಹೊಸ ತಳಿ ಮಾವ, ಹೂ ಬರೋವರೆಗೂ ಮುಟ್ಬೇಡಿ,” ಎಂದ. ಅಷ್ಟರೊಳಗೆ ತಾನೇ ಕಿತ್ತರಾಯಿತು ಎಂದುಕೊಂಡು ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಅಲ್ಲಿಯವರೆಗೆ ಆ ಪಾತಿಯ ಸೊಪ್ಪನ್ನು ಮನೆಯವರೆಲ್ಲ ತಿಂದದ್ದರ ಗೋಜಿಗೆ ಹೋಗಲಿಲ್ಲ.

ಇವತ್ತು ಪಾಠ ಮುಗಿಸಿ ಸಂಜೆ ಮನೆಗೆ ಬಂದರೆ ಅರ್ಧ ಪಾತಿ ಬೋಳು. ಮೇಜಿನ ಮೇಲೆ ಮುಚ್ಚಿಟ್ಟ ಪಾತ್ರೆ, ಪಕ್ಕದಲ್ಲಿ ತಲೆ ಬಾಚಿಕೊಂಡು ಕಾಯುತ್ತಿದ್ದ ಮಾವ.

“ಬೆಳಿಗ್ಗೆ ಹೂ ಬಿಡ್ತು ಅಳಿಯಂದ್ರೇ. ನಿಮ್ಮ ಮಾತು ಮೀರಲಿಲ್ಲ ನಾನು.”

“ಅಪ್ಪ ಪಲ್ಯನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ,” ಎಂದಳು ಹೆಂಡತಿ. “ಮೊದಲ ತುತ್ತು ನಿಮ್ಮದೇ ಅಂತೆ.”

ಮದುವೆಯಾದಾಗಿನಿಂದ ಅಳಿಯ ತಮ್ಮ ಜೊತೆ ಮಣ್ಣಿಗೆ ಕೈ ಹಾಕಿದ್ದು ಆ ಭಾನುವಾರ ಒಂದೇ ದಿನ ಎಂದು ಮಾವ ಪಕ್ಕದ ಮನೆಯವರ ಹತ್ತಿರವೂ ಹೇಳಿಕೊಂಡಿದ್ದರು. ಅವನಿಗೆ ನಾಚಿಕೆಯಾಯಿತು. ಒಂದು ವಾಕ್ಯ ಸಾಕಿತ್ತು. ಅದನ್ನು ಬೆಳಿಗ್ಗೆ ಅಪರಿಚಿತರಿಗೆ ಸಲೀಸಾಗಿ ಹೇಳಿ ಬಂದಿದ್ದ.

“ನಂಗೂ,” ಎಂದು ಮಗಳು ಪುಟ್ಟಿ ತಟ್ಟೆ ಚಾಚಿದಳು.

“ಮಗೂಗೆ ಬೇಡ.”

“ಯಾಕೆ?” ಹೆಂಡತಿ ಕೇಳಿದಳು.

“ಖಾರ ಇರುತ್ತೆ.”

“ಖಾರ ಹಾಕೇ ಇಲ್ಲ.”

“ನಂಗೆ ತುಂಬಾ ಹಸಿವು,” ಎಂದವನೇ ಪಾತ್ರೆಯನ್ನು ತನ್ನತ್ತ ಎಳೆದುಕೊಂಡ.

ತಿಂದ. ರುಚಿಯಾಗಿತ್ತು, ತಮಾಷೆಯೆಂದರೆ ಅದೇ. ಹೆಂಡತಿ ಕಣ್ಣರಳಿಸಿದಳು, ಮಾವನ ಕಣ್ಣು ತುಂಬಿತು. ಇವನು ತಲೆಯೆತ್ತದೆ ತಿನ್ನುತ್ತ ಹೋದ. ಪಾತ್ರೆಯ ತಳ ಕಂಡಾಗ ಅವನಿಗೆ ಒಂದು ಕ್ಷಣ ಗೆದ್ದಂತೆಯೂ ಅನ್ನಿಸಿತು.

“ಉಳಿದದ್ದು ನಾಳೆ ಕೊಯ್ತೀನಿ,” ಎಂದರು ಮಾವ. “ಪುಟ್ಟಿಗೂ ಆಗುತ್ತೆ.”

ಅವನು ಹೇಳಿಯೇಬಿಡುವುದೆಂದು ಬಾಯಿ ತೆರೆದ. ಪುಟ್ಟಿ ಕಿಲಕಿಲ ನಕ್ಕಳು. “ಅಜ್ಜಾ ನೋಡು, ಅಪ್ಪನ ಬಾಯಲ್ಲಿ ಗಿಡ ಬಂದಿದೆ.”

ತುಟಿಯ ಮೂಲೆಯಿಂದ ಎಳೆಯದೊಂದು ಹಸಿರು ದಂಟು ಹೊರಗೆ ಇಣುಕಿತ್ತು. ಎಲ್ಲರೂ ನಕ್ಕರು. ಅವನು ಬಾಯಿ ಮುಚ್ಚಿಕೊಂಡು, ಅದು ಅಲುಗಾಡದ ಹಾಗೆ, ತಾನೂ ನಕ್ಕ.