ಬರಿಗಾಲಿನ ಹರಕೆ

ಎಂಬತ್ತೆಂಟನೇ ಇಸವಿಯ ಮಾತು. ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮುಂಚೆ ನಮ್ಮಮ್ಮ ಕ್ರೊಚಿಫಿಸ್ಸಾ, ಕಣ್ಣು ಕಾಯುವ ಸಂತ ಲೂಚಿಯಾಳಿಗೆ ಹರಕೆ ಹೊತ್ತಳು: ದೃಷ್ಟಿ ಬಂದರೆ ಡಿಸೆಂಬರ್ ಹದಿಮೂರರ ಮೆರವಣಿಗೆಯ ಹಿಂದೆ ಬರಿಗಾಲಲ್ಲಿ ನಡೆಯುತ್ತೇನೆ. ದೃಷ್ಟಿಯೇನೋ ಬಂತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತು. ಹರಕೆ ತಪ್ಪಿದರೆ ಕೊಟ್ಟ ಕಣ್ಣನ್ನು ಲೂಚಿಯಾ ಹಿಂದಕ್ಕೆ ಕಿತ್ತುಕೊಳ್ಳುತ್ತಾಳೆಂದು ಅಮ್ಮನಿಗೆ ಹೆದರಿಕೆ.

ಮನೆಯ ಹೆಣ್ಣೊಬ್ಬಳು ಅವಳ ಬದಲು ನಡೆದರೂ ನಮ್ಮೂರು ಸಿರಾಕೂಸಾದಲ್ಲಿ ಸಲ್ಲುತ್ತದೆ. ಆದರೆ ನನಗೆ ಎಂಟು ತಿಂಗಳು ತುಂಬಿತ್ತು. ಉಳಿದವಳು ತಮ್ಮ ಸಾರೋನ ಹೆಂಡತಿ ಎಲ್ವಿರಾ. ಅವಳೋ ವೆನಿಸ್‌ನವಳು. ನಮ್ಮೂರ ಲೂಚಿಯಾಳ ದೇಹ ಎಲ್ಲೆಲ್ಲೋ ಸುತ್ತಿ ಕೊನೆಗೆ ಅವರೂರಿನ ಪಾಲಾಗಿದೆ. ಎಂಟುನೂರು ವರ್ಷದ ಆ ಸಿಟ್ಟನ್ನೆಲ್ಲ ಅಮ್ಮ ಮೂರು ವರ್ಷದಿಂದ ಸೊಸೆಯೊಬ್ಬಳ ಮೇಲೆ ತೀರಿಸುತ್ತಿದ್ದಳು.

ಹಬ್ಬದ ದಿನ ನಾವು ಬ್ರೆಡ್ಡು ಮುಟ್ಟುವುದಿಲ್ಲ, ಗೋಧಿ ಹುಗ್ಗಿಯೇ ಊಟ. ಅಂದು ಬೆಳಿಗ್ಗೆ ಅದನ್ನು ತಿರುವುತ್ತ ಎಲ್ವಿರಾ ಅಂದಳು, "ನಾನು ನಡೀತೀನಿ ಅತ್ತೆ."

"ನೀನಾ? ಕಳ್ಳರ ಮನೆಯೋಳು! ಮದ್ವೆ ಬೇಡ ಅಂತ ವರದಕ್ಷಿಣೆನೆಲ್ಲ ಬಡವ್ರಿಗೆ ಹಂಚಿದ ಹುಡುಗಿ ನಮ್ಮ ಲೂಚಿಯಾ. ಸೈನಿಕ್ರು ಎತ್ತು ಕಟ್ಟಿ ಎಳೆದ್ರೂ ಅಲ್ಲಾಡ್ಲಿಲ್ಲ, ಕತ್ತಿಗೆ ಕುತ್ತಿಗೆ ಕೊಟ್ಲು. ಅಂಥವಳನ್ನ ಹಡಗಿಗೆ ಹಾಕ್ಕೊಂಡು ಹೋದ್ರಲ್ಲ ನಿಮ್ಮೋರು!"

"ಎತ್ತಿಗೂ ಜಗ್ಗದೋಳು ಹಡಗು ಹತ್ತಿದ್ಲು ಅಂದ್ರೆ, ಅವ್ಳಿಗೇ ಬರೋ ಮನ್ಸಿತ್ತೇನೋ ಅತ್ತೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು.

"ನಿನ್ನ ಗುರುತು ಅವ್ಳಿಗೆಲ್ಲಿಂದ ಸಿಗ್ಬೇಕು?"

"ಯಾಕೆ ಸಿಗಲ್ಲ? ಅವ್ಳ ಚರ್ಚಿನ ಹಿಂದಿನ ಓಣೀಲೇ ನಮ್ಮನೆ. ಸ್ಕೂಲಿಗೆ ಹೋಗ್ವಾಗ ದಿನಾ ಅವ್ಳನ್ನ ಮಲಗಿಸಿರೋ ಗಾಜಿನ ಪೆಟ್ಟಿಗೆ ಹತ್ರ ನಿಂತು, 'ಹೋಗ್ಬರ್ತೀನಿ' ಅಂತ ಹೇಳ್ತಿದ್ದೆ."

ಎಪ್ಪತ್ತೊಂದು ವರ್ಷ ನಮ್ಮೂರ ಬೆಳ್ಳಿ ವಿಗ್ರಹಕ್ಕೆ ಕೈಮುಗಿದ ಅಮ್ಮ, ಲೂಚಿಯಾಳನ್ನು ಒಮ್ಮೆಯೂ ಕಂಡಿರಲಿಲ್ಲ.

"ಹೇಗಿದಾಳೆ?" ಅಂದಳು ಮೆಲ್ಲಗೆ.

"ಮುಖಕ್ಕೆ ಬೆಳ್ಳಿ ಮುಚ್ಚಿದಾರೆ. ಪಾದ ಕಾಣುತ್ತೆ. ಪುಟ್ಟ ಪಾದ ಅತ್ತೆ, ಎಳೇ ಹುಡುಗೀದು. ಚಪ್ಪಲಿ ಇಲ್ಲ."

ಅಮ್ಮ ಅತ್ತಳು. ಆಮೇಲೆ ಕುರ್ಚಿಯಿಂದಲೇ ಬಗ್ಗಿ, ಎಲ್ವಿರಾಳ ಬೂಟಿನ ದಾರ ಬಿಚ್ಚತೊಡಗಿದಳು.

"ಅಯ್ಯೋ, ಬಿಡಿ ಅತ್ತೆ!"

"ಸುಮ್ನೆ ನಿಂತ್ಕೊ. ರಸ್ತೆ ಕಲ್ಲು ಕೊರೆಯುತ್ತೆ, ಹೊಟ್ಟೆ ತುಂಬ ತಿಂದು ಹೋಗು. ಅಲ್ಲಿ ಅವ್ಳಿಗೆ ಹೇಳು, ಕ್ರೊಚಿಫಿಸ್ಸಾಗೆ ಕಾಲು ನೋವು, ಸೊಸೇನ ಕಳ್ಸಿದಾಳೆ ಅಂತ."